ಎರಡು ಥರದ ‘ಇಲ್ಲ’

ತಂಗಿ,

ನಿನ್ನೆ ಸಂಜೆ ನಿಮ್ಮಪ್ಪ ಬಂದಿದ್ದ. ಚಹಾ ಮುಗಿಯುವವರೆಗೆ ಮಳೆ-ಬೆಳೆಯ ಮಾತಾಡಿ, ಎದ್ದು ಚಪ್ಪಲಿ ಮೆಟ್ಟುವಾಗ ಮೆಲ್ಲಗೆ ಹೇಳಿದ: ‘ಮಾಸ್ತರ್ರ, ಹತ್ತು ದಿನಾ ಆತು, ಅಕಿ ತಂಬೂರಿ ಗವಸಣಿಗಿ ಬಿಚ್ಚಿಲ್ಲ. ನೀವಾದ್ರೂ ಒಂದ್ ಮಾತು ಹೇಳ್ರಿ.’ ಕಾರಣವನ್ನೂ ಹೇಳಿದ. ಉತ್ಸವದ ಸಮಿತಿಯವರು ನಿನ್ನ ಹಾಡು ಕೇಳಿ ತಲೆದೂಗಿ, ಹೆಸರು ಬರೆದುಕೊಂಡು, ಆಮೇಲೆ ‘ಮನೆ ಯಾವ ಓಣಿ?’ ಅಂತ ವಿಚಾರಿಸಿದರಂತೆ. ಪಟ್ಟಿ ಅಚ್ಚಾಗಿ ಬಂದಾಗ ನಿನ್ನ ಹೆಸರಿಲ್ಲ. ಅದೇ ವಾರ ಸ್ಪರ್ಧೆಯಲ್ಲೂ ನಿನಗೆ ಬಹುಮಾನ ಬರಲಿಲ್ಲ. ನಿರ್ಣಾಯಕರು ಚೀಟಿಯಲ್ಲಿ ‘ದನಿ ಒಳ್ಳೆಯದಿದೆ, ವಿಲಂಬಿತದಲ್ಲಿ ಲಯ ನಿಲ್ಲುವುದಿಲ್ಲ’ ಎಂದು ಬರೆದಿದ್ದಾರೆ. ನೀನು ಎರಡನ್ನೂ ಒಂದೇ ಗಂಟು ಕಟ್ಟಿ ‘ನಮ್ಮಂಥವರಿಗೆ ಇದಲ್ಲ’ ಅಂದುಬಿಟ್ಟಿದ್ದೀಯ.

ಆ ಗಂಟು ಬಿಚ್ಚಲಿಕ್ಕೆ ಈ ಕಾಗದ. ಎದುರಿಗೆ ಕೂಡಿಸಿಕೊಂಡು ಹೇಳಿದರೆ ನೀನು ತಲೆ ತಗ್ಗಿಸಿ ‘ಹೂಂರಿ ಸರ’ ಅಂತೀಯ, ನನ್ನ ಮಾತು ಗಾಳಿಗೆ ಹೋಗುತ್ತದೆ. ಬರೆದರೆ ಎರಡು ಸಲವಾದರೂ ಓದುತ್ತೀಯ.

ಎಪ್ಪತ್ತರ ದಶಕದ ಮಾತು. ಧಾರವಾಡದಲ್ಲಿ ಪರಿಚಯದ ಪ್ರೊಫೆಸರೊಬ್ಬರ ಮನೆಗೆ ಅವರ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಿದ್ದೆ. ಒಂದು ದಿನ ಪಾಠ ಮುಗಿದ ಮೇಲೆ ಅವರು ರೆಕಾರ್ಡ್ ಪ್ಲೇಯರ್ ಮೇಲೆ ಒಂದು ತಟ್ಟೆ ಇಟ್ಟು, ಹೆಸರು ಹೇಳದೆ ಕೇಳಿಸಿದರು. ಭಾಷೆ ತಿಳಿಯಲಿಲ್ಲ. ಆ ಸಂಗೀತದ ಗಂಧವೂ ನನಗಿರಲಿಲ್ಲ. ಆದರೆ ದನಿ ಕೆಳಗಿಳಿದು ಮಂದ್ರದಲ್ಲಿ ನಿಂತಾಗ ಎದೆಯ ಮೇಲೆ ಯಾರೋ ಅಂಗೈ ಇಟ್ಟಂತಾಯಿತು. ಹಾಡುತ್ತಿರುವುದು ಗಂಡಸೋ ಹೆಂಗಸೋ ಎಂದು ಒಂದು ಕ್ಷಣ ಅನುಮಾನ. ಗಂಗೂಬಾಯಿ ಹಾನಗಲ್ ಅವರ ದನಿ ಕೇಳಿ ಬೆಳೆದ ಕಿವಿಗೆ ಆ ಅನುಮಾನ ಹೊಸದೇನಲ್ಲ ಬಿಡು. ಹೆಣ್ಣು ದನಿಗಳಲ್ಲೇ ಅತ್ಯಂತ ಕೆಳಗಿನದಕ್ಕೆ ಅವರು ಕಾಂಟ್ರಾಲ್ಟೊ ಅನ್ನುತ್ತಾರೆ ಎಂದು ಪ್ರೊಫೆಸರರು ಹೇಳಿದರು. ಹಾಡಿದವರ ಹೆಸರು ಮರಿಯನ್ ಆಂಡರ್ಸನ್. ಅವತ್ತಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ.

1897ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಕಪ್ಪು ಹುಡುಗಿ. ಅಪ್ಪ ಅಲ್ಲಿನ ರೀಡಿಂಗ್ ಟರ್ಮಿನಲ್ ಮಾರುಕಟ್ಟೆಯಲ್ಲಿ ಮಂಜುಗಡ್ಡೆ, ಕಲ್ಲಿದ್ದಲು ಮಾರುತ್ತಿದ್ದ. ಅಮ್ಮ ವರ್ಜೀನಿಯಾದಲ್ಲಿ ಶಾಲೆಯ ಟೀಚರಾಗಿದ್ದವಳು. ಫಿಲಡೆಲ್ಫಿಯಾದಲ್ಲಿ ಅವಳ ಓದು ಸಾಲದು ಅಂದರು, ಬಟ್ಟೆ ಒಗೆಯುವ ಕೆಲಸಕ್ಕೆ ಇಳಿದಳು. ಹುಡುಗಿಗೆ ಹನ್ನೆರಡಾದಾಗ ಅಪ್ಪ ತೀರಿಕೊಂಡ. ಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅಮ್ಮ ಮಾವನ ಮನೆ ಸೇರಿದಳು.

ಅಷ್ಟರೊಳಗೇ ಈ ಹುಡುಗಿಗೆ ಸಂಗೀತದ ಹುಚ್ಚು ಹಿಡಿದಿತ್ತು. ಅಡವಿನ ಅಂಗಡಿಯ ಗಾಜಿನ ಹಿಂದೆ ಒಂದು ಪಿಟೀಲು ಕಂಡಿತಂತೆ, ಬೆಲೆ 3 ಡಾಲರ್ 98 ಸೆಂಟ್. ನೆರೆಮನೆಗಳ ಮೆಟ್ಟಿಲು ತಿಕ್ಕಿ ತೊಳೆದು ಪುಡಿಗಾಸು ಕೂಡಿಸಿದಳು. ದುಡ್ಡು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ, ದೊಡ್ಡವರ ಗತ್ತಿನಲ್ಲಿ ‘ಇದು ಒಳ್ಳೇ ಪಿಟೀಲೇನು?’ ಅಂತ ಕೇಳಿದಳಂತೆ. ಅಂಗಡಿಯವನು ಬಹಳ ಒಳ್ಳೇದು ಅಂದ. ಇನ್ನೇನಂದಾನು! ಸ್ವಲ್ಪ ದಿನಕ್ಕೇ ತಂತಿ ಹರಿದು ಪಿಟೀಲಿನ ಕಥೆ ಮುಗಿಯಿತು. ಉಳಿದದ್ದು ಗಂಟಲು.

ಆರನೇ ವಯಸ್ಸಿಗೇ ಯೂನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಮಕ್ಕಳ ಮೇಳ ಸೇರಿದ್ದಳು. ಅವರಲ್ಲಿ ಒಂದೇ ಹಾಡನ್ನು ನಾಲ್ಕು ಗುಂಪಿನವರು ನಾಲ್ಕು ಬೇರೆ ಸ್ವರಸಾಲುಗಳಲ್ಲಿ ಒಟ್ಟಿಗೆ ಹಾಡುತ್ತಾರೆ. ಮೇಲಿನ ದನಿಯವರಿಗೆ ಒಂದು ಸಾಲು, ಕೆಳಗಿನವರಿಗೆ ಇನ್ನೊಂದು. ಈಕೆ ನಾಲ್ಕನ್ನೂ ಕಲಿತಿಟ್ಟುಕೊಂಡಿದ್ದಳು, ಗಂಡಸರ ಸಾಲನ್ನೂ ಬಿಡದೆ. ಯಾರು ಬರದಿದ್ದರೂ ಆ ಜಾಗದಲ್ಲಿ ಇವಳು ನಿಲ್ಲಬಹುದಿತ್ತು. ಇದನ್ನು ಯಾಕೆ ಹೇಳಿದೆ ಗೊತ್ತೇನು? ಕ್ಲಾಸಿನಲ್ಲಿ ಇನ್ನೊಬ್ಬಳು ಹಾಡುವಾಗ ನೀನು ಕಿಟಕಿ ನೋಡುತ್ತೀಯ.

ಇರಲಿ. ಶಾಲೆಯ ವಯಸ್ಸಿನಲ್ಲೇ ಆಕೆ ಊರಿನ ಒಂದು ಸಂಗೀತ ಶಾಲೆಗೆ ಅರ್ಜಿ ಕೇಳಲು ಹೋದಳು. ಸರದಿಯಲ್ಲಿ ನಿಂತಳು. ಕಿಟಕಿಯ ಆಚೆ ಕೂತ ಹುಡುಗಿ ಇವಳ ಸರದಿ ಬಂದರೂ ಹಿಂದಿನವರನ್ನು ಕರೆದಳು. ಎಲ್ಲರೂ ಹೋಗಿ ಇವಳೊಬ್ಬಳೇ ಉಳಿದಾಗ ಏನು ಬೇಕೆಂದು ಕೇಳಿದಳು. ಅರ್ಜಿ ಬೇಕು ಅಂದರೆ, ನಿಮ್ಮ ಬಣ್ಣದವರನ್ನು ನಾವು ಸೇರಿಸಿಕೊಳ್ಳುವುದಿಲ್ಲ ಎಂಬ ಉತ್ತರ. ಮರಿಯನ್ ಮುಂದೆ ಬರೆದ ಆತ್ಮಕಥೆಯಲ್ಲಿ ಆ ಗಳಿಗೆಯ ಬಗ್ಗೆ ಹೇಳುತ್ತಾರೆ: ಅವರನ್ನು ಬೆಚ್ಚಿಸಿದ್ದು ಅಂಥ ಮಾತು ಅಷ್ಟು ಎಳೆಯ ಬಾಯಿಂದ ಬಂದದ್ದು. ಏನೂ ಉತ್ತರಿಸದೆ ಮನೆಗೆ ನಡೆದರು.

ಈಗ ನಿನ್ನ ಸಮಿತಿಯ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡು. ಆ ಕಿಟಕಿಯ ಹುಡುಗಿ ಮರಿಯನ್ ಬಾಯಿಂದ ಒಂದು ಸ್ವರವನ್ನೂ ಕೇಳಿರಲಿಲ್ಲ. ನಿನ್ನ ಸಮಿತಿಯವರು ಕೇಳಿದ್ದರು, ಮೆಚ್ಚಿಯೂ ಇದ್ದರು. ಆಮೇಲೆ ಓಣಿ ಕೇಳಿದರು. ಆ ‘ಇಲ್ಲ’ದಲ್ಲಿ ನಿನ್ನ ಹಾಡಿನ ಬಗ್ಗೆ ಒಂದಕ್ಷರವೂ ಇಲ್ಲ ತಂಗಿ. ಅದನ್ನು ತಂದು ತಂಬೂರಿಯ ಮೇಲೆ ಯಾಕೆ ಹೇರುತ್ತೀ?

ಮರಿಯನ್‌ಗೆ ಗುರು ಸಿಕ್ಕಿದ್ದು ಬೇರೆ ದಾರಿಯಿಂದ. ಚರ್ಚಿನ ಜನ, ಅಂದರೆ ಅಡುಗೆಯವರು, ಕೂಲಿಯವರು, ಚಿಲ್ಲರೆ ಕೂಡಿಸಿ ನಿಧಿ ಮಾಡಿದರು. ಜುಸೆಪ್ಪೆ ಬೊಗೆಟ್ಟಿ ಎಂಬ ಹೆಸರಾಂತ ಗುರುವಿನ ಬಳಿ ಪಾಠ ಶುರುವಾಯಿತು. ಹಾಗೆಂದು ದಾರಿ ನೆಟ್ಟಗಾಯಿತು ಅಂದುಕೊಳ್ಳಬೇಡ.

1924. ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಕಛೇರಿ. ಜನ ಕಿಕ್ಕಿರಿಯುತ್ತಾರೆ ಎಂದು ಆಯೋಜಕರು ನಂಬಿಸಿದ್ದರು. ವೇದಿಕೆಗೆ ಬಂದು ನೋಡಿದರೆ ಅಲ್ಲೊಬ್ಬರು ಇಲ್ಲೊಬ್ಬರು. ಅದರ ಮೇಲೆ ಬ್ರಾಮ್ಸ್‌ನ ಜರ್ಮನ್ ಹಾಡುಗಳು. ಆಕೆಗೆ ಜರ್ಮನ್ ಬಾರದು, ಉಚ್ಚಾರ ಬಾಯಿಪಾಠ ಮಾಡಿದ್ದರು. ಮರುದಿನ ಪತ್ರಿಕೆಗಳು ಅದನ್ನೇ ಹಿಡಿದು ಜಾಡಿಸಿದವು: ಅರ್ಥ ತಿಳಿಯದೆ ಉರು ಹೊಡೆದು ಹಾಡುತ್ತಾಳೆ ಎಂದು. ಮರಿಯನ್ ಮನೆಗೆ ಬಂದು ಹಾಡುವುದನ್ನೇ ಬಿಟ್ಟರು. ನಿನ್ನ ಹಾಗೆ ಹತ್ತು ದಿನವಲ್ಲ, ತಿಂಗಳುಗಟ್ಟಲೆ. ಗುರುವಿನ ಮನೆಗೂ ಹೋಗಲಿಲ್ಲ. ಬೇರೆ ಕೆಲಸ ಮಾಡುತ್ತೇನೆ ಅಂದರು.

ಅದೇ 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ. ಅಲ್ಲಿ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಒಬ್ಬರು. ಹಾಡುವಾಗ ಅಳುಕಿರಲಿಲ್ಲವಂತೆ. ಊಟದ ಹೊತ್ತಿಗೆ ಎಲ್ಲಿ ತನ್ನನ್ನು ಎಂಜಲೆಲೆ ಎತ್ತು ಅನ್ನುತ್ತಾರೋ ಎಂಬ ಅಳುಕಿತ್ತಂತೆ. ಮುಂದೆ ಆ ಹುಡುಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತದ್ದು ನಿನಗೆ ಗೊತ್ತೇ ಇದೆ. ಒಂದೇ ಸ್ವರವನ್ನು ದಿನಗಟ್ಟಲೆ ತಿದ್ದಿಸುತ್ತಿದ್ದ ಗುರು. ಎಂಜಲೆಲೆಯ ಅಳುಕಿಗೂ ಗುರುವಿನ ತಿದ್ದುಪಡಿಗೂ ಆಕೆ ಗಂಟು ಹಾಕಲಿಲ್ಲ.

ಮರಿಯನ್‌ರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಟೌನ್ ಹಾಲ್ ಸೋಲು. ಅವರು ಅದನ್ನು ಸುಲಭವಾಗಿ ಬಣ್ಣದ ಲೆಕ್ಕಕ್ಕೆ ಬರೆದುಬಿಡಬಹುದಿತ್ತು. ಬಿಳಿಯ ಊರು, ಬಿಳಿಯ ವಿಮರ್ಶಕರು, ಯಾರೂ ಅಲ್ಲಗಳೆಯುತ್ತಿರಲಿಲ್ಲ. ಅವರು ಹಾಗೆ ಬರೆಯಲಿಲ್ಲ. ಮರುವರ್ಷ ಮುನ್ನೂರಕ್ಕೂ ಹೆಚ್ಚು ಗಾಯಕರಿದ್ದ ಸ್ಪರ್ಧೆ ಗೆದ್ದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ಹಾಡಿದರು. ಗೆದ್ದ ಮೇಲೂ ಆ ವಿಮರ್ಶೆ ಮನಸ್ಸಿನಿಂದ ಹೋಗಿರಲಿಲ್ಲ. ಒಂದು ಶಿಷ್ಯವೇತನ ಸಿಕ್ಕಿದ್ದೇ ಬರ್ಲಿನ್ನಿಗೆ ಹೋಗಿ, ಜರ್ಮನ್ ಕುಟುಂಬವೊಂದರ ಮನೆಯಲ್ಲಿ ಉಳಿದು, ಊಟದ ಮೇಜಿನಲ್ಲಿ ಉಪ್ಪು ಕೇಳುವುದರಿಂದ ಹಿಡಿದು ಭಾಷೆ ಕಲಿತರು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ನಿಮ್ಮಪ್ಪನಿಗೆ ಗೊತ್ತಿಲ್ಲ. ಇಪ್ಪತ್ತಾರರಲ್ಲಿ ಒಂದು ಆಡಿಷನ್ನಿನಲ್ಲಿ ಫೇಲಾದೆ. ಒಳಗೆ ಕೂತವರೆಲ್ಲ ತಮ್ಮ ತಮ್ಮ ಶಿಷ್ಯರನ್ನೇ ಆರಿಸಿದರು, ನಮ್ಮಂಥವರಿಗೆ ಅಲ್ಲಿ ಜಾಗವಿಲ್ಲ ಎಂದು ಮೂರು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದೆ. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಮೂರನೇ ವರ್ಷ ಗೆಳೆಯನೊಬ್ಬ ಟೇಪ್ ರೆಕಾರ್ಡರ್ ತಂದು ನನ್ನ ಹಾಡನ್ನೇ ನನಗೆ ಕೇಳಿಸಿದ. ತಾರ ಷಡ್ಜ ಕೂದಲೆಳೆಯಷ್ಟು ಕೆಳಗಿತ್ತು, ಪ್ರತಿ ಸಲವೂ. ಮೂರು ವರ್ಷ ಅದು ಹಾಗೇ ಇತ್ತು, ಯಾಕೆಂದರೆ ನಾನು ತಿದ್ದುವ ಬದಲು ಬೈಯುತ್ತಿದ್ದೆ. ಅನ್ಯಾಯ ನಿಜವಾಗಿದ್ದಾಗ ಅದರ ನೆರಳಲ್ಲಿ ನಮ್ಮ ತಪ್ಪೂ ಬಚ್ಚಿಟ್ಟುಕೊಳ್ಳುತ್ತದೆ. ನಾನು ಕಳೆದುಕೊಂಡ ಆ ಮೂರು ವರ್ಷದ ನೆನಪಿನಲ್ಲಿ ಇಷ್ಟುದ್ದ ಬರೆಯುತ್ತಿದ್ದೇನೆ.

ಯುರೋಪಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಅಲ್ಲಿ ಬರೀ ಚಪ್ಪಾಳೆ. ಸ್ವೀಡನ್, ನಾರ್ವೆ, ಫಿನ್ಲೆಂಡ್ ಕಡೆ ಜನ ಆಕೆಗಾಗಿ ಮುಗಿಬಿದ್ದರು. ಕೋಸ್ಟಿ ವೆಹಾನೆನ್ ಎಂಬ ಫಿನ್ನಿಶ್ ಪಿಯಾನೊ ವಾದಕ ಜೊತೆಯಾದ. ಫಿನ್ಲೆಂಡಿನ ಹಿರಿಯ ಸಂಗೀತಕಾರ ಸಿಬೇಲಿಯುಸ್ ತಮ್ಮ ಮನೆಯಲ್ಲಿ ಆಕೆಯ ಹಾಡು ಕೇಳಿ, ನಿನ್ನ ದನಿಗೆ ನನ್ನ ಮನೆಯ ಸೂರು ತಗ್ಗಾಯಿತು ಎಂದರಂತೆ. 1935ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗಿನಲ್ಲಿ ವಾದ್ಯವೃಂದದ ಹೆಸರಾಂತ ನಿರ್ದೇಶಕ ಟೊಸ್ಕನಿನಿ, ಇಂಥ ದನಿ ಕೇಳಸಿಗುವುದು ನೂರು ವರ್ಷಕ್ಕೊಮ್ಮೆ ಎಂದರು. ಆ ವರ್ಷದ ಕೊನೆಗೆ ಮರಿಯನ್ ಅದೇ ಟೌನ್ ಹಾಲ್‌ಗೆ ಮರಳಿದರು. ಬರುವ ಹಡಗಿನಲ್ಲಿ ಜಾರಿ ಬಿದ್ದು ಕಾಲು ಮುರಿದಿತ್ತು. ಪ್ಲಾಸ್ಟರ್ ಹಾಕಿದ ಕಾಲನ್ನು ಉದ್ದನೆಯ ನಿಲುವಂಗಿಯಲ್ಲಿ ಮುಚ್ಚಿ ನಿಂತು ಹಾಡಿದರು. ಈ ಸಲ ಪತ್ರಿಕೆಗಳಿಗೆ ಮಾತು ಸಾಲಲಿಲ್ಲ.

ಆದರೆ ಅಷ್ಟು ದೊಡ್ಡ ಹೆಸರಾದ ಮೇಲೂ ತನ್ನ ದೇಶದಲ್ಲಿ ಮಲಗಲು ಕೋಣೆ ಸಿಗುತ್ತಿರಲಿಲ್ಲ. 1937ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಕಛೇರಿ ಇದ್ದಾಗ ಅಲ್ಲಿನ ವಸತಿಗೃಹ ಕದ ಮುಚ್ಚಿತು. ಆ ರಾತ್ರಿ ತನ್ನ ಮನೆಗೆ ಕರೆದುಕೊಂಡವರು ಆಲ್ಬರ್ಟ್ ಐನ್‌ಸ್ಟೈನ್. ಮುಂದೆ ಆ ಊರಿಗೆ ಹೋದಾಗಲೆಲ್ಲ ಅದೇ ಮನೆ. ಹುಡುಗಿಯಾಗಿದ್ದಾಗ ಅಮ್ಮನ ಜೊತೆ ಜಾರ್ಜಿಯಾದ ಕಡೆ ಹೋಗುವಾಗ, ವಾಷಿಂಗ್ಟನ್ನಿನಲ್ಲಿ ಇಳಿಸಿ ಕಪ್ಪು ಜನರ ಡಬ್ಬಿಗೆ ಹತ್ತಿಸಿದ್ದನ್ನು ಅವರು ಮರೆತಿರಲಿಲ್ಲ. ಎಂಜಿನ್ನಿಗೆ ಹತ್ತಿರದ ಡಬ್ಬಿ. ಕಿಟಕಿ ತೆಗೆದರೆ ಮಸಿ, ಮುಚ್ಚಿದರೆ ಉಬ್ಬಸ.

ಇನ್ನು 1939. ಇದನ್ನು ಸಾವಕಾಶ ಓದು.

ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯ ಆಕೆಯ ಕಛೇರಿ ಏರ್ಪಡಿಸಿತು. ಸುಮಾರು ನಾಲ್ಕು ಸಾವಿರ ಜನ ಕೂರುವ ದೊಡ್ಡ ಸಭಾಂಗಣ ಅಲ್ಲಿದ್ದದ್ದು ಒಂದೇ, ಕಾನ್‌ಸ್ಟಿಟ್ಯೂಷನ್ ಹಾಲ್. ಅದು ‘ಅಮೆರಿಕನ್ ಕ್ರಾಂತಿಯ ಪುತ್ರಿಯರು’ ಎಂಬ ಮಹಿಳಾ ಸಂಘದ್ದು. ಬಿಳಿಯ ಕಲಾವಿದರಿಗೆ ಮಾತ್ರ ಎಂದು ಅವರ ಕರಾರಿನಲ್ಲೇ ಬರೆದಿತ್ತು. ಕೊಡುವುದಿಲ್ಲ ಅಂದರು. ಬಿಳಿಯರ ಒಂದು ಹೈಸ್ಕೂಲಿನ ಸಭಾಂಗಣ ಕೇಳಿದರೆ ಅಲ್ಲೂ ತಕರಾರು. ಅಧ್ಯಕ್ಷ ರೂಸ್‌ವೆಲ್ಟರ ಪತ್ನಿ ಎಲಿನೋರ್ ಆ ಮಹಿಳಾ ಸಂಘದ ಸದಸ್ಯೆಯಾಗಿದ್ದರು. ಅವರು ರಾಜೀನಾಮೆ ಕೊಟ್ಟು ತಮ್ಮ ದಿನಪತ್ರಿಕೆಯ ಅಂಕಣದಲ್ಲಿ ಅದನ್ನು ಬರೆದರು. ಕಪ್ಪು ಜನರ ಹಕ್ಕಿನ ಸಂಸ್ಥೆಯ ವಾಲ್ಟರ್ ವೈಟ್ ಓಡಾಡಿದರು. ಸಾರ್ವಜನಿಕ ಜಾಗಗಳ ಉಸ್ತುವಾರಿ ಹೊತ್ತ ಮಂತ್ರಿ ಹೆರಾಲ್ಡ್ ಇಕೀಸ್ ಲಿಂಕನ್ ಸ್ಮಾರಕದ ಮೆಟ್ಟಿಲುಗಳನ್ನೇ ಬಿಟ್ಟುಕೊಟ್ಟರು. ಗುಲಾಮಗಿರಿ ಕೊನೆಗಾಣಿಸಿದ ಲಿಂಕನ್ನನ ಎದುರು, ಬಯಲಲ್ಲಿ.

ಇಷ್ಟೆಲ್ಲ ಜಗಳ ಆಡಿದವರು ಬೇರೆಯವರು ಎಂಬುದನ್ನು ಗಮನಿಸು. ಮರಿಯನ್ ಊರೂರು ಸುತ್ತಿ ಹಾಡುತ್ತಿದ್ದರು. ಪತ್ರಕರ್ತರು ಕೇಳಿದರೆ ಒಂದೆರಡು ಮಾತು, ಅಷ್ಟೇ. ಆಕೆಗೆ ಇದೆಲ್ಲ ಇಷ್ಟವೂ ಇರಲಿಲ್ಲ. ಹಿಂದಿನ ರಾತ್ರಿ ಭಯವಾಗಿ, ನಡುರಾತ್ರಿಯ ಹೊತ್ತಿಗೆ ವ್ಯವಸ್ಥಾಪಕ ಸಾಲ್ ಹ್ಯುರೊಕ್‌ಗೆ ಫೋನ್ ಮಾಡಿ, ಇದನ್ನು ಮಾಡಲೇಬೇಕೇ ಎಂದು ಕೇಳಿದರು. ಆಕೆ ಧೈರ್ಯದ ಪುತ್ಥಳಿ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡ.

ಏಪ್ರಿಲ್ 9, ಈಸ್ಟರ್ ಭಾನುವಾರ. ವಾಷಿಂಗ್ಟನ್ನಿನ ಹೋಟೆಲುಗಳಲ್ಲಿ ಜಾಗವಿಲ್ಲದೆ ಹಿಂದಿನ ಗವರ್ನರೊಬ್ಬರ ಮನೆಯಲ್ಲಿ ಇಳಿದಿದ್ದರು. ಚಳಿ ಗಾಳಿ. ತುಪ್ಪಳದ ಕೋಟು ಹೊದ್ದು, ಅಮೃತಶಿಲೆಯ ಮೆಟ್ಟಿಲಿಳಿದು ಮೈಕುಗಳ ಮುಂದೆ ಬಂದರು. ಎದುರಿಗೆ 75,000 ಜನ. ಕಪ್ಪು ಬಿಳಿ ಎರಡೂ ಒಂದರ ಪಕ್ಕ ಒಂದು. ದೇಶದುದ್ದಕ್ಕೂ ರೇಡಿಯೊ ಹಚ್ಚಿಕೊಂಡು ಕೂತವರು ಇನ್ನೆಷ್ಟೋ. ಚಳಿಗೆ ಗಂಟಲು ಬಿಗಿಯುವ ಆ ಹೊತ್ತಿನಲ್ಲಿ, ಕಣ್ಣು ಮುಚ್ಚಿ, ಮೊದಲು ದೇಶಭಕ್ತಿಗೀತೆ ಎತ್ತಿಕೊಂಡರು. ಮೂಲದಲ್ಲಿ ‘ನಾನು’ ಎಂದಿರುವ ಕಡೆ ಆಕೆಯ ಬಾಯಲ್ಲಿ ಬಂದದ್ದು ‘ನಾವು’. ಬೇಕೆಂದೇ ಬದಲಿಸಿದರೋ, ಅಭ್ಯಾಸಬಲವೋ, ಚರ್ಚೆ ಇದೆ. ತನ್ನ ಬಗ್ಗೆ ಮಾತಾಡುವಾಗಲೂ ಆಕೆ ‘ನಾನು’ ಅನ್ನುವುದು ಅಪರೂಪ, ‘ನಾವು’ ಅನ್ನುತ್ತಿದ್ದರು. ನಮ್ಮಲ್ಲಿ ಗೌಡರು ‘ನಾವು’ ಅಂದರೆ ದರ್ಪ. ಆಕೆ ಅಂದರೆ, ಹಾಡುವವಳೊಬ್ಬಳೇ ಯಾವತ್ತೂ ಹಾಡುವುದಿಲ್ಲ, ಪಿಯಾನೊದವನಿದ್ದಾನೆ, ಗುರುವಿದ್ದಾನೆ, ಚಿಲ್ಲರೆ ಕೂಡಿಸಿದ ಚರ್ಚಿನವರಿದ್ದಾರೆ ಎಂಬ ಲೆಕ್ಕ. ಆಮೇಲೆ ಡೊನಿಜೆಟ್ಟಿಯ ಒಪೆರಾದ ಒಂದು ಹಾಡು, ಶೂಬರ್ಟನ ಮರಿಯಾಸ್ತುತಿ, ಕೊನೆಗೆ ಗುಲಾಮಗಿರಿಯ ಕಾಲದಿಂದ ತನ್ನ ಜನ ಹಾಡುತ್ತ ಬಂದ ಭಕ್ತಿಗೀತೆಗಳು. ಆ ಕ್ರಮವನ್ನು ಯೋಚಿಸಿ ನೋಡು. ಅಂಥ ದಿನ ಬೇರೆಯವರಾದರೆ ಬರೀ ಆವೇಶದ ಹಾಡು ಆರಿಸುತ್ತಿದ್ದರು. ಈಕೆ ಯಾವ ಕಛೇರಿಗಾದರೂ ಒಪ್ಪುವ ಪಟ್ಟಿಯನ್ನೇ ಹಾಡಿದರು.

ನಾಲ್ಕು ವರ್ಷದ ಮೇಲೆ, 1943ರಲ್ಲಿ, ಅದೇ ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿ ಯುದ್ಧ ಪರಿಹಾರ ನಿಧಿಗಾಗಿ ಹಾಡಲು ಕರೆ ಬಂತು. ಹೋದರು. ಗೆದ್ದ ಭಾವವೇನೂ ಬರಲಿಲ್ಲ, ಚೆಂದದ ಸಭಾಂಗಣ, ಹಾಡಿ ಸಂತೋಷವಾಯಿತು ಎಂಬ ಅರ್ಥದಲ್ಲಿ ಬರೆದುಕೊಂಡಿದ್ದಾರೆ. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು, ಇಷ್ಟು ತಣ್ಣಗೆ ಹೇಗಿರುತ್ತಾರೆ ಎಂದು. ಆಕೆಯ ಜನರಲ್ಲೂ ಕೆಲವರಿಗೆ ಆ ಸಿಟ್ಟಿತ್ತು. ಆಗಿನ ದಕ್ಷಿಣದ ಊರುಗಳಲ್ಲಿ ಕಪ್ಪು ಜನರನ್ನು ಹಿಂದಿನ ಸಾಲಿಗೋ ಮಾಳಿಗೆಗೋ ತಳ್ಳುತ್ತಿದ್ದರು. ಮರಿಯನ್ ಸಭಾಂಗಣವನ್ನು ಉದ್ದುದ್ದಕ್ಕೆ ಸೀಳಿಸಿ, ತನ್ನವರಿಗೆ ಮುಂದಿನ ಸಾಲಿನಲ್ಲೂ ಪಾಲು ಸಿಗುವ ಹಾಗೆ ಮಾಡಿಸುತ್ತಿದ್ದರು. ಸೀಳುವುದೇ ತಪ್ಪು, ಅಲ್ಲಿ ಹಾಡಲೇಬಾರದು ಎಂದು ಸಿಟ್ಟಾದವರ ವಾದ. ಕೊನೆಗೆ ಆಕೆಯೂ ಅದಕ್ಕೇ ಬಂದರು, ಬೇರೆ ಬೇರೆ ಕೂರಿಸುವ ಕಡೆ ಹಾಡುವುದಿಲ್ಲ ಎಂದರು. ತಡವಾಯಿತು ಅನ್ನುವವರ ಮಾತಿನಲ್ಲೂ ಹುರುಳಿದೆ. ನಾನು ಈಗಲೂ ಎರಡು ಮನಸ್ಸಿನಲ್ಲಿದ್ದೇನೆ.

ಒಪೆರಾ ಗಾಯಕಿ ಎಂದು ಆಕೆಯ ಹೆಸರಿನ ಮುಂದೆ ಬರೆಯುತ್ತಾರಲ್ಲ, ಅದರಲ್ಲೊಂದು ನೋವಿದೆ. ಹುಡುಗಿಯಾಗಿದ್ದಾಗಿನಿಂದ ಒಪೆರಾದ ಕನಸು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಒಬ್ಬ ಕಪ್ಪು ಗಾಯಕಿಗೆ ಪಾತ್ರ ಕೊಟ್ಟದ್ದು 1955ರ ಜನವರಿ 7ರಂದು, ವೆರ್ಡಿಯ ಒಪೆರಾದಲ್ಲಿ, ಕಣಿ ಹೇಳುವ ಉಲ್ರಿಕಾಳ ಪಾತ್ರ. ಮರಿಯನ್‌ಗೆ ಆಗ 57. ತೆರೆ ಎದ್ದು ಆಕೆ ಕಂಡದ್ದೇ ತಡ, ಒಂದು ಸ್ವರ ಹಾಡುವ ಮೊದಲೇ ಚಪ್ಪಾಳೆ ನಿಲ್ಲಲಿಲ್ಲ. ಮೈ ನಡುಗಿತು, ಒಳಗೆಲ್ಲ ಬಿಗಿದುಕೊಂಡಿತು ಎಂದು ಬರೆದಿದ್ದಾರೆ. ದನಿಯ ಭರದ ವರ್ಷಗಳು ಹಿಂದಾಗಿದ್ದವು. ಇಪ್ಪತ್ತು ವರ್ಷ ಮೊದಲೇ ಕರೆದಿದ್ದರೆ ಆ ರಂಗದ ಮೇಲೆ ಏನೇನು ಕೇಳಬಹುದಿತ್ತೋ! ಕದ ಕೊನೆಗೆ ತೆರೆಯಿತಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ನಾನು ನಿನಗೆ ಹಾಗೆ ಹೇಳುವುದಿಲ್ಲ. ಕಳೆದದ್ದು ಕಳೆದೇ ಹೋಯಿತು. ಇಪ್ಪತ್ತು ದಿನಕ್ಕೆ ಅದೇ ರಂಗಕ್ಕೆ ಕಪ್ಪು ಗಾಯಕ ರಾಬರ್ಟ್ ಮ್ಯಾಕ್‌ಫೆರಿನ್ ಬಂದರು, 1961ರಲ್ಲಿ ಮಿಸಿಸಿಪ್ಪಿಯ ಕಪ್ಪು ಗಾಯಕಿ ಲಿಯೊಂಟೀನ್ ಪ್ರೈಸ್ ಬಂದು ತಮ್ಮ ಹರೆಯದ ದನಿಯನ್ನು ಅಲ್ಲಿ ಸುರಿದರು. ಅದು ಅವರ ಸುದೈವ.

1957ರಲ್ಲಿ ಮರಿಯನ್ ತಮ್ಮ ಸರ್ಕಾರದ ಕಡೆಯಿಂದ ಏಷ್ಯಾ ಸುತ್ತುತ್ತ ನಮ್ಮ ದೇಶಕ್ಕೂ ಬಂದಿದ್ದರು. ದೆಹಲಿಯ ಗಾಂಧಿ ಸ್ಮಾರಕದ ಎದುರು ಹಾಡಿದ್ದು ಗಾಂಧೀಜಿಗೆ ಪ್ರಿಯವಾಗಿದ್ದ ನ್ಯೂಮನ್ನನ ಪ್ರಾರ್ಥನೆ. ನಿನಗದು ಗೊತ್ತು. ಬಿ.ಎಂ.ಶ್ರೀ. ಕನ್ನಡಕ್ಕೆ ತಂದರಲ್ಲ, ಆರನೇ ತರಗತಿಯಲ್ಲಿ ಶಾಲೆಯ ಪ್ರಾರ್ಥನೆಗೆ ನೀನೇ ಹೇಳಿಕೊಡುತ್ತಿದ್ದೆ, ಅದೇ.

ಬಾಳಿನ ಅತಿ ದೊಡ್ಡ ಗಳಿಗೆ ಯಾವುದು ಎಂದು ಆಕೆಯನ್ನು ಕೇಳಿದರಂತೆ. ಟೊಸ್ಕನಿನಿ ಎನ್ನಲಿಲ್ಲ, 75,000 ಜನ ಎನ್ನಲಿಲ್ಲ. ಇನ್ನು ನೀನು ಕೆಲಸಕ್ಕೆ ಹೋಗಬೇಕಿಲ್ಲ ಎಂದು ಅಮ್ಮನಿಗೆ ಹೇಳಿದ ದಿನ ಎಂದರಂತೆ. ಆ ಅಮ್ಮ ಒಂದು ದೊಡ್ಡ ಅಂಗಡಿಯ ನೆಲ ಒರೆಸುತ್ತಿದ್ದಳು. ಮೈಯಲ್ಲಿ ಹುಷಾರಿಲ್ಲದಿದ್ದರೂ ಹೋಗುತ್ತಿದ್ದಳು. ಮರಿಯನ್ ತಾವೇ ಅಂಗಡಿಗೆ ಫೋನ್ ಮಾಡಿ, ನಮ್ಮಮ್ಮ ಇನ್ನು ಬರುವುದಿಲ್ಲ ಎಂದು ತಿಳಿಸಿದರು. ನಿಮ್ಮಪ್ಪ ಎದ್ದು ಚಪ್ಪಲಿ ಮೆಟ್ಟುವಾಗ ಅವನ ಹಿಮ್ಮಡಿಯ ಬಿರುಕು ಕಂಡು ನನಗೆ ಇದು ನೆನಪಾಯಿತು. ಅದಿರಲಿ, ಆ ಭಾರವನ್ನು ನಿನ್ನ ಮೇಲೆ ಹೊರಿಸಲು ಬರೆದದ್ದಲ್ಲ.

ಸಮಿತಿಯ ವಿಷಯ ನನಗೆ ಬಿಡು. ಸೋಮವಾರ ನಾನು, ಹೈಸ್ಕೂಲಿನ ಹೆಡ್‌ಮಾಸ್ತರರು, ತಬಲಾದ ಕಾಕಾ ಮೂವರೂ ಹೋಗುತ್ತೇವೆ. ಓಣಿಯ ಪ್ರಶ್ನೆ ಯಾರು ಕೇಳಿದರು, ಯಾಕೆ ಕೇಳಿದರು ಅಂತ ಎಲ್ಲರೆದುರಿಗೆ ಹೇಳಲಿ. ಆ ವೇದಿಕೆಯಲ್ಲಿ ಮೂವತ್ತು ವರ್ಷ ಹಾಡಿದ್ದೇನೆ, ಅಷ್ಟು ಕೇಳುವ ಹಕ್ಕು ನನಗಿದೆ. ಅವರು ಒಪ್ಪದಿದ್ದರೆ ಈ ವರ್ಷ ನನ್ನ ಹೆಸರನ್ನೂ ಪಟ್ಟಿಯಿಂದ ತೆಗೆಯಲಿ. ಆ ಜಗಳ ದೊಡ್ಡವರದು, ನೀನು ಅದರಲ್ಲಿ ಗಂಟಲು ಕೆಡಿಸಿಕೊಳ್ಳಬೇಡ.

ನಿರ್ಣಾಯಕರ ಚೀಟಿ ಮಾತ್ರ ತೆಗೆದುಕೊಂಡು ಬಾ. ಭಾನುವಾರ ಬೆಳಿಗ್ಗೆ ಆರಕ್ಕೆ. ನನ್ನ ತಂಬೂರಿಗೆ ಹೊಸ ಖರಜದ ತಂತಿ ಹಾಕಿಸಿದ್ದೇನೆ, ಕಾಕಾನೂ ಬರುತ್ತಾನೆ. ವಿಲಂಬಿತ ಏಕತಾಲದಲ್ಲಿ ಯಮನ್ ತೆಗೆದುಕೊಳ್ಳೋಣ. ಒಂಬತ್ತನೇ ಮಾತ್ರೆ ದಾಟಿದ ಕೂಡಲೇ ಸಮ್ ಬಂತೆಂದು ಓಡುತ್ತೀಯ, ಅಲ್ಲೇ ನಿನ್ನ ಲಯ ಜಾರುತ್ತಿರುವುದು. ಎಂಟು ಗಂಟೆಯವರೆಗೆ ಆ ಮೂರು ಮಾತ್ರೆಗಳನ್ನಷ್ಟೇ ನೋಡೋಣ.

ನಿನ್ನ,
ಮಾಸ್ತರ